ಮೊದಲು ಬಂದವರ ಕಲ್ಲು

ಕೆಲವರಿಗೆ ಹಾವಿನ ಭಯ, ಕೆಲವರಿಗೆ ಹೆಂಡತಿಯ ಭಯ, ಇನ್ನು ಕೆಲವರಿಗೆ ಹೇಳದೆ ಕೇಳದೆ ಗಂಟು ಹೊತ್ತುಕೊಂಡು ಬರುವ ನೆಂಟರ ಭಯ. ನನಗೆ ಅಕ್ಷರಗಳ ಭಯ. ಓದು ಬಾರದವನಿಗೆ ಈ ಭಯವಿದ್ದರೆ ಸಹಜ ಎನ್ನಬಹುದು. ನಾನು ಅಕ್ಷರಗಳಿಂದಲೇ ರೊಟ್ಟಿ ತಿನ್ನುವವನು. ನಮ್ಮೂರ ಬಸ್ ನಿಲ್ದಾಣದ ಎದುರು ನನ್ನದೊಂದು ಸಣ್ಣ ಅಂಗಡಿ ಇದೆ. ಲಗ್ನಪತ್ರಿಕೆ, ಜವಳದ ಕಾರ್ಡು, ಹುಟ್ಟುಹಬ್ಬದ ಬ್ಯಾನರು, ಭಾವಪೂರ್ಣ ಶ್ರದ್ಧಾಂಜಲಿ, ಹೀಗೆ ಮನುಷ್ಯ ಬರುವಾಗಿನಿಂದ ಹೋಗುವವರೆಗೆ ಬೇಕಾಗುವ ಒಕ್ಕಣೆಯೆಲ್ಲ ನನ್ನ ಕಂಪ್ಯೂಟರಿನಿಂದಲೇ ಹೊರಡಬೇಕು. ಒಂದು ಒತ್ತಕ್ಷರ ಜಾರಿದರೆ ಲಗ್ನದ ಮನೆಯಲ್ಲಿ ಎಂಥ ಗದ್ದಲವಾಗುತ್ತದೆಂಬುದು ಅನುಭವಿಸಿದವನಿಗೇ ಗೊತ್ತು.

ಒಮ್ಮೆ ಬೇವೂರಿನ ಕಡೆಯ ಒಬ್ಬರಿಗೆ ಶ್ರದ್ಧಾಂಜಲಿಯ ಬ್ಯಾನರು ಮಾಡಿಕೊಟ್ಟೆ. ಕೆಳಗೆ ದುಃಖತಪ್ತರ ಸಾಲಿನಲ್ಲಿ ಇರಬೇಕಾಗಿದ್ದ ಅಳಿಯನ ಫೋಟೋ ಅದು ಹೇಗೋ ನಡುವೆ ಹೋಗಿ ಹಾರ ಹಾಕಿಸಿಕೊಂಡಿತ್ತು. ತೀರಿಹೋದ ಮಾವನವರು ದುಃಖತಪ್ತರ ನಡುವೆ ನಗುತ್ತ ಕುಳಿತಿದ್ದರು. ಅಳಿಯ ಸ್ವತಃ ಬೈಕು ಹತ್ತಿ ಅಂಗಡಿಗೆ ಬಂದು, "ಸರ, ನಾ ಇನ್ನೂ ಜೀವಂತ ಅದೀನ್ರಿ" ಎಂದು ಕೈಮುಗಿದ. ನಾನೂ ಕೈಮುಗಿದು, ಚಹಾ ತರಿಸಿ, ಅವನು ಕುಡಿದು ಮುಗಿಸುವಷ್ಟರಲ್ಲಿ ಬೇರೆ ಬ್ಯಾನರು ಕೈಗಿಟ್ಟೆ. ಪ್ಲಾಸ್ಟಿಕ್ಕಿನ ಗುಣವೇ ಅದು. ಎಂಥ ತಪ್ಪನ್ನೂ ಸುತ್ತಿ ಮೂಲೆಗೆ ಎಸೆಯಬಹುದು. ಆಮೇಲೆ ಅದು ಯಾರದೋ ಹೊಟ್ಟಿನ ಬಣವೆಗೆ ಹೊದಿಕೆಯಾಗಿ ಉಪಕಾರವನ್ನೂ ಮಾಡುತ್ತದೆ.

ಇಂಥ ನನಗೆ ಕಲ್ಲಿನ ಮೇಲೆ ಬರೆಯುವ ಕೆಲಸ ಬಂತು.

ನಮ್ಮದು ಹೊಸ ಊರು. ಹಳೆಯ ಊರು ಕೆಳಗೆ ಘಟಪ್ರಭೆಯ ದಂಡೆಯಲ್ಲಿತ್ತು. ಆಣೆಕಟ್ಟಿನ ಹಿನ್ನೀರಿಗೆ ಅದು ಮುಳುಗುತ್ತದೆ ಎಂದಾಗ ನಮಗೆಲ್ಲ ಈ ದಿನ್ನೆಯ ಮೇಲೆ ಜಾಗ ಕೊಟ್ಟರು. ಆಗ ಇಲ್ಲಿದ್ದದ್ದು ಜಾಲಿಗಿಡ, ಗರಸು ಮಣ್ಣು ಮತ್ತು ನಂಬರು ಬರೆದ ಗಡಿಗಲ್ಲು. ಈಗ ಬೇವಿನ ಮರಗಳು ಬೆಳೆದು ನೆರಳು ಕೊಡುತ್ತಿವೆ. ಹನುಮಪ್ಪನ ಗುಡಿಯಿದೆ, ಶಾಲೆಯಿದೆ. ಈಚೆಗೆ ಹುಟ್ಟಿದ ಮಕ್ಕಳು ಊರು ಇಲ್ಲೇ ಮೊದಲಿನಿಂದ ಇತ್ತೆಂದು ತಿಳಿದಿದ್ದವು. ಅವು ಶಾಲೆಯ ಪ್ರವಾಸದಲ್ಲಿ ಬಾದಾಮಿಗೆ ಹೋಗಿ ಬಂದು, "ಅಲ್ಲಿ ಕಟ್ಟಿಸಿದವರ ಹೆಸರು ಕಲ್ಲಿನ ಮ್ಯಾಲ ಐತಿ, ನಮ್ಮೂರು ಕಟ್ಟಿದವರದು ಎಲ್ಲೈತಿ?" ಎಂದು ಕೇಳಿದವಂತೆ. ಕೇಳಿದ್ದು ನಮ್ಮ ಪಂಚಾಯಿತಿಯ ಅಧ್ಯಕ್ಷೆ ಶಿವಲೀಲಕ್ಕನನ್ನು. ಆಕೆ ಯಾವುದನ್ನೂ ನಾಳೆಗೆ ಬಿಡುವವಳಲ್ಲ.

"ಮಲ್ಲಣ್ಣಾರ, ಇಳಕಲ್ಲಿಗೆ ಹೇಳಿ ಕೆಂಪು ಕಲ್ಲು ತಯಾರ ಮಾಡಿಸೇನ್ರಿ" ಎಂದು ಅಂಗಡಿಯ ಮುಂದೆ ನಿಂತೇ ಹೇಳಿದಳು. "ಹೊಸ ಊರಿಗೆ ಎಲ್ಲಾರಕಿಂತ ಮೊದಲ ಬಂದು ಒಲಿ ಹಚ್ಚಿದವರ ಹೆಸರು ಹಾಕಿಸೋಣು. ನಾಕ ಸಾಲು ಚಂದಾಗಿ ಬರದು ಕೊಡ್ರಿ."

"ಮೊದಲ ಬಂದವರು ಯಾರ್ರಿ ಅಕ್ಕಾರ?"

"ಅದನ್ನೂ ನೀವ ವಿಚಾರ್ಸಿ ಬರೀರಿ" ಎಂದು ಹೊರಟೇಬಿಟ್ಟಳು.

ಸುದ್ದಿ ನನಗಿಂತ ಮೊದಲು ಮನೆ ಮುಟ್ಟಿತ್ತು. ಮರುದಿನ ಬೆಳಗ್ಗೆ ನಮ್ಮ ಮಾವ ವೀರಭದ್ರಪ್ಪನವರು ಹಣೆಯ ತುಂಬ ವಿಭೂತಿ ಧರಿಸಿ ಅಂಗಡಿಗೆ ಬಂದರು. ಮಗಳನ್ನು ಕೊಟ್ಟ ಮೇಲೆ ಅವರು ನನ್ನ ಅಂಗಡಿಯ ಮೆಟ್ಟಿಲು ಹತ್ತಿದ್ದು ಅದೇ ಮೊದಲು. ಕುರ್ಚಿ ಒರೆಸಿ ಕೂರಿಸಿದೆ.

"ಅಳಿಯಂದ್ರ, ಈ ಊರಾಗ ಮೊದಲ ಪಾಯಾ ತೋಡಿದಾಂವ ನಾನ. ಬರ್ಕೋರಿ" ಎಂದರು. ಬರೆದುಕೊಂಡೆ. ಬರೆದುಕೊಳ್ಳದೆ ಮನೆಗೆ ಹೋಗುವ ದಾರಿ ನನಗಿರಲಿಲ್ಲ.

ಅವರು ಅತ್ತ ಹೋದ ಕೂಡಲೇ ಇತ್ತಲಿಂದ ಯಮನಪ್ಪ ಬಂದ. ನನ್ನ ವಾರಿಗೆಯವ, ಕುರಿಗಾರರ ಮನೆತನ. ಹಣೆಗೆ ಬೀರಪ್ಪನ ಭಂಡಾರದ ಅರಿಸಿನ ಹಚ್ಚದೆ ಹೊರಗೆ ಕಾಲಿಡುವವನಲ್ಲ. "ಲೇ ಮಲ್ಲ್ಯಾ, ಪಾಯಾ ತೋಡಿದ್ದು ಆಮ್ಯಾಲಿನ ಮಾತು. ಅದಕಿಂತ ಮೊದಲ ನಮ್ಮಪ್ಪ ಇಲ್ಲಿ ಕುರಿ ಹಟ್ಟಿ ಹಾಕಿದ್ದ. ಪಾಯಾ ತೋಡು ಮುಂದ ಕುರಿ ಹಿಕ್ಕಿ ಸಿಕ್ಕಿದ್ದುವೋ ಇಲ್ಲೋ ನಿಮ್ಮ ಮಾವಗ ಕೇಳು. ಬೀರಪ್ಪನ ಆಣಿ ಮಾಡಿಸಿ ಕೇಳು" ಎಂದ.

ಮಾವನನ್ನು ಕರೆದು ಹಿಕ್ಕೆಯ ಬಗ್ಗೆ ಆಣೆ ಮಾಡಿಸುವ ಧೈರ್ಯ ಯಾವ ಅಳಿಯನಿಗೆ ಇರುತ್ತದೆ ಹೇಳಿ. ಆ ವಾರವೆಲ್ಲ ಕರೆ ಯಾರದೆಂದು ನೋಡದೆ ನಾನು ಮೊಬೈಲು ಎತ್ತಲಿಲ್ಲ. ಅತ್ತ ಇಳಕಲ್ಲಿನಿಂದ ಕೆತ್ತುವವನು ಫೋನು ಮಾಡಿ, "ಸರ, ಕಲ್ಲು ನುಣ್ಣಗ ಮಾಡಿ ಇಟ್ಟೇನ್ರಿ. ದಿನಾ ಅದರಾಗ ಮಾರಿ ನೋಡ್ಕೊಂಡು ತಲಿ ಹಿಕ್ಕೊಳ್ಳಾಕತ್ತೇನಿ. ಅಕ್ಷರ ಯಾವಾಗ ಕಳಸ್ತೀರಿ?" ಎಂದು ಕೇಳುತ್ತಿದ್ದ. ಇತ್ತ ಮನೆಯಲ್ಲಿ ಹೆಂಡತಿ ಶಾಂತಾ ಬದನೆಕಾಯಿ ಪಲ್ಯ ಬಡಿಸುತ್ತ, "ನಮ್ಮಪ್ಪನ ಹೆಸರು ಬರಲಿಲ್ಲಂದ್ರ ನೀವು ಅವರಿಗೆ ಯಾವ ಮಾರಿ ತೋರಸ್ತೀರಿ?" ಎನ್ನುತ್ತಿದ್ದಳು. "ಇರೋದೊಂದ ಮಾರಿ" ಎಂದೆ. ಪಲ್ಯದ ಬಟ್ಟಲು ವಾಪಸು ಹೋಯಿತು.

ತಪ್ಪಿಸಿಕೊಳ್ಳುವ ಒಕ್ಕಣೆಗಳನ್ನೂ ಬರೆದು ನೋಡಿದೆ. "ಮೊದಲಿಗರಲ್ಲಿ ಮೊದಲಿಗರಾದ ಹಲವು ಮಹನೀಯರು" ಎಂದು ಒಂದು. "ಏಕಕಾಲಕ್ಕೆ ಪಾದಾರ್ಪಣೆ ಮಾಡಿದ ಸಮಸ್ತ ಮನೆತನಗಳು" ಎಂದು ಇನ್ನೊಂದು. ಎರಡನೆಯದನ್ನು ಓದಿದರೆ ಇಡೀ ಊರು ಕೈ ಕೈ ಹಿಡಿದು ಒಟ್ಟಿಗೆ ಗುಡ್ಡಕ್ಕೆ ಜಿಗಿದಂತೆ ಕಾಣುತ್ತಿತ್ತು.

ನನ್ನ ಸಂಕಟ ನೋಡಲಾರದೆ ಕಡೆಗೆ ಅವ್ವನೇ ಬಾಯಿ ಬಿಟ್ಟಳು. ಪಡಸಾಲೆಯಲ್ಲಿ ಕೂತು ಜೋಳ ಹಸನು ಮಾಡುತ್ತಿದ್ದವಳು ಮೊರ ಕೆಳಗಿಟ್ಟು, "ಮೊದಲ ಬಂದಾಕಿ ಚಾದಂಗಡಿ ಗೌರವ್ವ ಅಲ್ಲೇನೋ? ಊರ ಮಂದೆಲ್ಲಾ ಕೂಡಿ ಬೈದಿದ್ದು ಮರತೀ ಏನು?" ಎಂದಳು.

ಮರೆತಿರಲಿಲ್ಲ. ಎಲ್ಲರ ಹಾಗೆ ನಾನೂ ಅದನ್ನು ಅಟ್ಟದ ಮೇಲೆ ಹಾಕಿಟ್ಟಿದ್ದೆ. ಆ ಕಾಲದಲ್ಲಿ ಮೊದಲು ಹೋಗುವುದು ಹೆಮ್ಮೆಯ ಕೆಲಸವಾಗಿರಲಿಲ್ಲ. ಯಾರೂ ಊರು ಬಿಡದೆ ಗಟ್ಟಿಯಾಗಿ ಕೂತರೆ ನೀರನ್ನೇ ನಿಲ್ಲಿಸುತ್ತಾರೆ ಎಂದು ಹಿರಿಯರು ನಂಬಿದ್ದರು. ಗುಡಿಯ ಮುಂದೆ ಎಲ್ಲರೂ ಮಾತು ಕೊಟ್ಟುಕೊಂಡಿದ್ದರು. ಅಂಥದರಲ್ಲಿ ಗಂಡನಿಲ್ಲದ ಗೌರವ್ವ ಒಂದು ಬೆಳಗ್ಗೆ ಮನೆಯ ಬಾಗಿಲನ್ನು ಚೌಕಟ್ಟಿನ ಸಮೇತ ಕಿತ್ತು ಚಕ್ಕಡಿಯಲ್ಲಿ ಹಾಕಿಕೊಂಡು, ಬಸುರಿ ಮಗಳನ್ನು ಅದರ ಪಕ್ಕ ಕೂರಿಸಿ ಗುಡ್ಡ ಹತ್ತಿದಳು. "ಊರ ಒಡದಾಕಿ" ಎಂದು ಹೆಸರಿಟ್ಟರು. ಸಂಜೆ ನಾವೆಲ್ಲ ಹೊಳೆಯ ದಂಡೆಯಲ್ಲಿ ನಿಂತು ನೋಡಿದರೆ ದಿನ್ನೆಯ ಮೇಲೆ ಒಂದೇ ಒಂದು ಒಲೆಯ ಹೊಗೆ ಕಾಣುತ್ತಿತ್ತು. ಯಾರೋ ಆ ಕಡೆ ತಿರುಗಿ ಉಗುಳಿದ್ದರು.

ಸರಿ, ಗೌರವ್ವನ ಮನೆಗೆ ಹೋದೆ. ಆಕೆ ಈಗ ಚಹಾ ಕಾಸುವುದನ್ನು ಬಿಟ್ಟು ಮಗಳೊಡನೆ ಊರ ಅಂಚಿನ ಮನೆಯಲ್ಲಿರುತ್ತಾಳೆ. ಕಟ್ಟೆಯ ಮೇಲೆ ಕೂತು ಶೇಂಗಾ ಒಡೆಯುತ್ತಿದ್ದಳು. ಒಂದು ಹಿಡಿ ನನ್ನ ಕೈಗೂ ಹಾಕಿದಳು. ನಾನು ವಿಷಯ ಹೇಳಿದೆ. ಆಕೆಯ ಕೈ ನಿಂತಿತು.

"ನಾ ಅಲ್ಲಪಾ. ಯಾರು ಹೇಳಿದ್ರು ನಿನಗ?"

"ಎಲ್ಲಾರಿಗೂ ಗೊತ್ತೈತಿ ಆಯಿ."

"ಗೊತ್ತಿದ್ರ ಗೊತ್ತಿರಲಿ ಬಿಡು. ಕಲ್ಲಿನ ಮ್ಯಾಲ ಹಾಕಬ್ಯಾಡೋ ತಮ್ಮಾ. ಆವಾಗಿನ ಬೈಗುಳ ಬಾಯಿ ಮಾತು, ಗಾಳಿಗಿ ಹೋತು. ಕಲ್ಲಿನ ಮ್ಯಾಲ ಬರದ್ರ ಹೋಗಬರೋರೆಲ್ಲಾ ಓದಿ ಓದಿ ಬೈತಾರ." ಆಕೆಯ ಕಣ್ಣಲ್ಲಿದ್ದ ದಿಗಿಲು ನಾನು ದಿನವೂ ಕನ್ನಡಿಯಲ್ಲಿ ನೋಡುವಂಥದೇ ಆಗಿತ್ತು. ಹೀಗಾಗಿ ಹೆಚ್ಚು ಒತ್ತಾಯ ಮಾಡಲು ಬಾಯಿ ಬರಲಿಲ್ಲ. ಹೆಸರು ಬೇಕೆನ್ನುವವರು ಮೊದಲು ಬಂದವರಲ್ಲ, ಮೊದಲು ಬಂದವಳಿಗೆ ಹೆಸರು ಬೇಡ. ಶೇಂಗಾ ಹಿಡಿದುಕೊಂಡೇ ಮನೆಗೆ ಬಂದೆ. ತಿನ್ನಲೂ ಆಗಲಿಲ್ಲ.

ಸೋಮವಾರ ಶಿವಲೀಲಕ್ಕ ಹನುಮಪ್ಪನ ಗುಡಿಯ ಮುಂದಿನ ಕಟ್ಟೆಗೆ ಊರವರನ್ನು ಕರೆಸಿದಳು. "ಮಲ್ಲಣ್ಣಾರ, ಬರದದ್ದು ಓದ್ರಿ" ಎಂದಳು. ಎದ್ದು ನಿಂತೆ. ಮೊದಲ ಸಾಲಿನಲ್ಲಿ ಮಾವನವರು ರುಮಾಲು ಸರಿಮಾಡಿಕೊಂಡು ಕೂತಿದ್ದರು. ಅವರ ಎದುರಿಗೆ ಯಮನಪ್ಪ. ಹೆಂಗಸರ ನಡುವೆ ಶಾಂತಾ. ಏಕಕಾಲಕ್ಕೆ ಪಾದಾರ್ಪಣೆಯ ಒಕ್ಕಣೆಯನ್ನೇ ಓದಿಬಿಡಬೇಕೆಂದು ಜೇಬಿನಲ್ಲಿಟ್ಟುಕೊಂಡು ಬಂದಿದ್ದೆ. ಬಾಯಿ ತೆರೆದರೆ ಹೊರಬಿದ್ದದ್ದು ಬೇರೆ. "ಮೊದಲ ಬಂದಾಕಿ ಗೌರವ್ವ. ಆಕಿ ಹೆಸರು ಹಾಕಬ್ಯಾಡ ಅಂತಾಳ. ಮುಂದ ಏನು ಬರೀಬೇಕು ನನಗ ತಿಳೀವಲ್ದು" ಎಂದು ಹೇಳಿ ಕೂತುಬಿಟ್ಟೆ.

ಯಮನಪ್ಪ ಥಟ್ಟನೆ ಎದ್ದು, "ಹಂಗ ಹೆಂಗ ಅಂತಿ? ನಮ್ಮಪ್ಪ ಕುರಿ ಹೊಡ್ಕೊಂಡು ಬಂದಾಗ ಇಲ್ಲಿ ಒಂದು ನರಪಿಳ್ಳಿ ಇದ್ದಿಲ್ಲ. ದಣದು ಬಂದಾನ, ಮಳಿ ಹಿಡದೈತಿ. ಆವಾಗ ಆ ಗೌರವ್ವ ತಾನ ಕರದು ಒಂದು ಕಪ್ಪು ಬಿಸಿ ಚಾ..." ಎಂದು ಅಲ್ಲಿಗೆ ನಿಂತ. ಬಾಯಿ ತೆರೆದೇ ಇತ್ತು. ಹೆಂಗಸರ ಕಡೆಯಿಂದ ಕಿಸಕ್ಕೆಂದು ನಗೆ ಎದ್ದಿತು. ಮಾವನವರಿಗೆ ಖುಷಿ ತಡೆಯಲಾಗಲಿಲ್ಲ. "ನೋಡ್ರಿ, ತಾನ ಒಪ್ಪಿಕೊಂಡ! ಖರೆ ಅಂದ್ರ ಪಾಯಾ ತೋಡಿ ಪೂಜಾ ಮಾಡಿದಾಂವ ನಾ. ಒಂದು ಹನಿ ನೀರು ಸಿಗೂದಿಲ್ಲದ ಹೊತ್ತಿನಾಗ..." ಎಂದು ಶುರುಮಾಡಿದರು.

"ನೀರು ಯಾರು ಕೊಟ್ರಪಾ ನಿನಗ?" ಎಂದು ಕೇಳಿದಳು ಶಾಂತಾ. ಅಪ್ಪನನ್ನು ಎಲ್ಲರೆದುರು ಹಾಗೆ ಕೇಳುತ್ತಾಳೆಂದು ನಾನು ಕನಸಿನಲ್ಲೂ ಎಣಿಸಿರಲಿಲ್ಲ.

ಮಾವನವರು ರುಮಾಲು ತೆಗೆದು ತೊಡೆಯ ಮೇಲಿಟ್ಟುಕೊಂಡರು. ಆಮೇಲೆ ಸಣ್ಣ ದನಿಯಲ್ಲಿ, "ಗೌರವ್ವ ಕೊಟ್ಟಳು. ಕೊಡ ತುಂಬಿಸಿ ತಂದಿಟ್ಟು ಹೋದಳು. ನಾ ಆಕೀಗಿ ಏನು ಅಂದಿದ್ದೆ ಅನ್ನೂದು ಆಕೀಗಿ ನೆನಪಿತ್ತು. ಆದ್ರೂ ಕೊಟ್ಟಳು" ಎಂದರು. ನನ್ನ ಕಡೆ ತಿರುಗಿ, "ಆಕಿ ಹೆಸರ ಹಾಕ್ರಿ ಅಳಿಯಂದ್ರ. ನಾ ಅಂದ ಮಾತು ಬರೀಬ್ಯಾಡ್ರಿ" ಎಂದರು.

ಶಿವಲೀಲಕ್ಕ ತಾನೇ ಹೋಗಿ ಗೌರವ್ವನ ಕೈಹಿಡಿದು ಕರೆತಂದಳು. ಆಕೆ ಕಂಬದ ಮರೆಯಲ್ಲಿ ನಿಂತು, ಇಳಕಲ್ ಸೀರೆಯ ಸೆರಗನ್ನು ಬಾಯಿಗೆ ಹಿಡಿದುಕೊಂಡು ಎಲ್ಲರ ಮುಖವನ್ನು ಒಂದೊಂದಾಗಿ ನೋಡಿದಳು. ಬೈಯುವವರು ಯಾರೂ ಇಲ್ಲವೆಂದು ಖಾತ್ರಿಯಾದ ಮೇಲೆ ಮಾತಾಡಿದಳು. "ನಾ ಏನು ಧೈರ್ಯ ಮಾಡಿ ಬಂದಾಕಿ ಅಲ್ರೆಪಾ. ಹಿತ್ತಲದಾಗ ನೀರು ಬಂದಿತ್ತು, ನೀರಿನ ಕೂಡ ಹಾವು ಬಂದಿದ್ವು. ಮಗಳು ದಿನಾ ತುಂಬಿದಾಕಿ. ಅಂಜಿದೆ, ಓಡಿ ಬಂದೆ. ಬರಿಯೂದಿದ್ರ ಅದನ್ನ ಬರೀರಿ. ಗಟ್ಟಿಗಿತ್ತಿ ಅಂತ ಸುಳ್ಳು ಬರೀಬ್ಯಾಡ್ರಿ."

ಆ ಮಾತು ಕೇಳಿದಾಗ ನನಗಾದ ಸಮಾಧಾನವನ್ನು ಹೇಗೆ ಹೇಳಲಿ. ಹುಟ್ಟಿದಾಗಿನಿಂದ ಅಂಜುಬುರುಕ ಅನ್ನಿಸಿಕೊಂಡು ಬಂದವನು ನಾನು. ಒಂದು ಊರು ಅಂಜಿಕೆಯಿಂದಲೇ ಹುಟ್ಟಿತೆಂದರೆ ನನ್ನಂಥವನು ತಲೆ ಎತ್ತಿ ನಡೆಯಬಾರದೇಕೆ? ಅಲ್ಲಿಯೇ ಕೂತು ಬರೆದೆ. "ಈ ನೆಲದ ಮೇಲೆ ಮೊದಲ ಒಲೆ ಹೊತ್ತಿಸಿದವಳು ಗೌರವ್ವ. ಮಗಳ ಜೀವಕ್ಕೆ ಅಂಜಿ ಬಂದಳು. ಹಿಂದೆ ಬಂದವರಿಗೆಲ್ಲ ನೀರು ಕೊಟ್ಟಳು, ಚಹಾ ಕೊಟ್ಟಳು. ನಾವು ಊರಾದೆವು." ಓದಿದಾಗ ಯಾರೂ ಒಂದಕ್ಷರ ತಿದ್ದಲಿಲ್ಲ. ಕಲ್ಲು ಬಂತು, ನಿಂತಿತು. ಉದ್ಘಾಟನೆಯ ದಿನ ಪರದೆ ಸರಿಸಿದವಳು ಅಂದು ತಾಯಿಯ ಹೊಟ್ಟೆಯಲ್ಲಿ ಗುಡ್ಡ ಹತ್ತಿದ್ದ ಗೌರವ್ವನ ಮೊಮ್ಮಗಳು. ಬಾಗಲಕೋಟೆಯಲ್ಲಿ ನರ್ಸಿಂಗ್ ಕಲಿಯುತ್ತಿರುವ ಹುಡುಗಿ, ರಜೆ ಹಾಕಿ ಬಂದಿದ್ದಳು.

ಇಲ್ಲಿಗೆ ನನ್ನ ಸಂಕಟ ಮುಗಿಯಬೇಕಾಗಿತ್ತು. ಆದರೆ ಮರುದಿನವೇ ಮಾವನವರು ಅಂಗಡಿಯ ಮೆಟ್ಟಿಲು ಎರಡನೆಯ ಸಲ ಹತ್ತಿದರು. "ಮೊದಲ ಬಂದಾಕಿ ಗೌರವ್ವ, ಒಪ್ಪಿದೆ. ಎರಡನೇದವ ಯಾರು ಅನ್ನೂದಾದ್ರೂ ಊರಿಗಿ ಗೊತ್ತಾಗಬೇಕಲ್ರಿ?" ಯಮನಪ್ಪ ಆಗಲೇ ರಸ್ತೆ ದಾಟುತ್ತಿದ್ದ. ನಾನು ಹಿಂದಿನ ಬಾಗಿಲಿನಿಂದ ಜಾರಿ ನೇರ ಗೌರವ್ವನ ಕಟ್ಟೆಗೆ ಹೋದೆ. ಬಂದವರಿಗೆಲ್ಲ ಚಹಾ ಕೊಟ್ಟವಳಿಗೆ ಸರದಿ ಗೊತ್ತಿಲ್ಲದೆ ಇದ್ದೀತೆ?

"ಎರಡನೇದವರು ಯಾರೋ ನೆನಪಿಲ್ಲ ತಮ್ಮಾ, ಎಲ್ಲಾರೂ ಒಮ್ಮೆಲೇ ಮುಗಿಬಿದ್ದು ಬಂದ್ರು" ಎಂದಳು. "ಕಡೀಕ ಬಂದವರು ಮಾತ್ರ ಚೊಲೋ ನೆನಪದಾರ. ನಿಮ್ಮ ಮನಿಯವರು. ಎಲ್ಲಾರೂ ಮನಿ ಕಟ್ಟಿ ಮುಗದಿತ್ತು. ನೀ ಮೀಸಿ ಚಿಗತ ಹುಡುಗ, ಹಾಸಗಿ ಸುರಳಿ ತಬ್ಬಿಕೊಂಡು ಚಕ್ಕಡ್ಯಾಗ ಕುಂತಿದ್ದಿ. ಇಳ್ಯಾಕ ಒಲ್ಲೆ ಅಂದಿ. 'ಆಯಿ, ಇಲ್ಲಿ ಹಾವು ಅದಾವೇನು?' ಅಂತ ಕೇಳಿದಿ."

ಇದು ನನಗೂ ಗೊತ್ತಿದ್ದದ್ದೇ. ಆದರೆ ಯಾರೂ ಕೇಳದ ಪ್ರಶ್ನೆಗೆ ಉತ್ತರ ಕೊಡುವ ಚಟ ನನಗಿಲ್ಲ. ಇಡೀ ಊರೇ ಅಂಜಿ ಗುಡ್ಡ ಹತ್ತಿದಾಗ, ಗುಡ್ಡ ಹತ್ತುವುದಕ್ಕೂ ಅಂಜಿ ಕೂತವರು ನಾವು. ಶಿವಲೀಲಕ್ಕ ನಾಳೆ ಕಡೆಗೆ ಬಂದವರಿಗೂ ಒಂದು ಕಲ್ಲು ಹಾಕಿಸೋಣ ಎಂದರೆ ವಿಚಾರಿಸಲು ನಾನು ಎಲ್ಲೂ ಹೋಗಬೇಕಾಗಿಲ್ಲ. ಆ ಒಂದು ಸ್ಥಾನಕ್ಕೆ ನಮ್ಮೂರಲ್ಲಿ ತಕರಾರು ಮಾಡುವವರು ಒಬ್ಬರೂ ಇಲ್ಲ.