ಕೊರಳಲ್ಲಿ ಕ್ಯಾಮೆರಾ, ಊರೆಲ್ಲಾ ತಕರಾರು

ಕೊರಳಿಗೆ ಕ್ಯಾಮೆರಾ ಹಾಕಿಕೊಂಡವನು ಅವಮಾನ ಹುಡುಕಿಕೊಂಡು ಹೋಗಬೇಕಾಗಿಲ್ಲ, ಅದೇ ಮನೆ ವಿಚಾರಿಸಿಕೊಂಡು ಬರುತ್ತೆ. ಮುಳಬಾಗಿಲು ಕಡೆ ಹಸು ಎಮ್ಮೆಗಳಿಗೆ ಸೂಜಿ ಚುಚ್ಚುತ್ತಾ ನೌಕರಿ ಮುಗಿಸಿದವನು ನಾನು. ಅದು ಹೊಟ್ಟೆಪಾಡು. ಪ್ರಾಣ ಇದ್ದದ್ದು ಕ್ಯಾಮೆರಾ, ಲೆನ್ಸು, ಫಿಲಂ ರೋಲುಗಳಲ್ಲಿ. ಈಗಲೂ ಫಿಲಂ ಹಾಕಿ ತೆಗೀತೀನಿ ಅಂದರೆ ಜನ ನಗ್ತಾರೆ. ನಗಲಿ. ಅಳೋದಕ್ಕೆ ನಾನಿದೀನಲ್ಲ.

ತೋಪಿನೊಳಗೆ ತೋಪು

ಗೌನಿಪಲ್ಲಿಯ ಮಾವಿನ ತೋಪಿನಲ್ಲಿ ಹೊನ್ನಕ್ಕಿಗೋಸ್ಕರ ಸ್ಟ್ಯಾಂಡು ನೆಟ್ಟು, ಉದ್ದನೆ ಲೆನ್ಸ್ ಹಾಕಿ ಕಾಯ್ತಿದ್ದೆ. ಹಕ್ಕಿ ಬರೋಕೆ ಮುಂಚೆ ಊರು ಬಂತು.

"ಏನ್ ಸಾರ್, ಸರ್ವೆನಾ? ಬೈಪಾಸ್ ರೋಡು ನಮ್ಮ ತೋಪಿನ ಮೇಲೇ ಬರ್ತದಾ?"

"ಇಲ್ಲಪ್ಪಾ, ಹಕ್ಕಿ ಫೋಟೋ ತೆಗೀತಿದೀನಿ."

"ಅಬದ್ಧಂ!" ಅಂತ ಒಬ್ಬ ಕೂಗಿದ. "ಹಕ್ಕಿಗೋಸ್ಕರ ಇಂಥಾ ಬಿಸಿಲಲ್ಲಿ ಯಾವನ್ ನಿಂತ್ಕೊಂತಾನ್ಲಾ?"

ಸ್ಟ್ಯಾಂಡಿನ ಕಾಲು ಹಿಡಿದು ಎಳೆದಾಡಿದರು. ಬರಬೇಕಿದ್ದ ಹಕ್ಕಿ ಆಂಧ್ರ ಸೇರಿತು. ಕೊನೆಗೆ ಒಬ್ಬಳು ಅಜ್ಜಿ ಮುಂದೆ ಬಂದು, ಕ್ಯಾಮೆರಾದೊಳಗೆ ಕಣ್ಣಿಟ್ಟು ನೋಡಿ ತೀರ್ಪು ಕೊಟ್ಟಳು: "ಬಿಡ್ರೋ, ಸರ್ವೆಯವನಲ್ಲ. ಪಾಪಂ, ಈಯಪ್ಪಂಗೆ ಕಣ್ಣು ಕಾಣಲ್ಲ. ಹಕ್ಕಿ ನೋಡಾಕೆ ಇಷ್ಟುದ್ದ ತೋಪು ಬೇಕಾಗೈತೆ!"

ಎಲ್ಲರಿಗೂ ಕರುಣೆ ಉಕ್ಕಿತು. ಒಬ್ಬ ನನ್ನ ಕೈ ಹಿಡಿದು ಬಸ್ ಸ್ಟ್ಯಾಂಡ್‌ವರೆಗೂ ನಡೆಸಿಕೊಂಡು ಬಂದ.

ರಾಗಿ ಹಿಟ್ಟು

ಮಳೆಗಾಲದಲ್ಲಿ ನನ್ನ ಮುದ್ದಿನ ಲೆನ್ಸಿಗೆ ಬೂಷ್ಟು ಹಿಡೀತು. ಥಂಡಿ, ಥಂಡಿ ಅಂತ ಗೋಳಾಡಿ, ಬೂಷ್ಟು ಒರೆಸೋ ಔಷಧಿ ತರೋಕೆ ಕೋಲಾರಕ್ಕೆ ಹೋದೆ. ವಾಪಸ್ ಬಂದರೆ ಲೆನ್ಸ್ ಇಲ್ಲ.

"ನೀರಿಗೆ ಬಿದ್ದ ಫೋನು ಅಕ್ಕಿಯಲ್ಲಿಟ್ರೆ ಸರಿಹೋಗಿತ್ತಲ್ಲ," ಅಂದಳು ಹೆಂಡತಿ. "ಅಕ್ಕಿ ಖಾಲಿಯಾಗಿತ್ತು. ರಾಗಿ ಹಿಟ್ಟಲ್ಲಿ ಇಟ್ಟಿದೀನಿ."

ಹೊರಗೆ ತೆಗೆದು ತಿರುಗಿಸಿದರೆ ಬೀಸೋಕಲ್ಲಿನ ಹಾಗೆ ಕರಕರ ಅಂತು. ನಾನು ತಲೆ ಮೇಲೆ ಕೈಹೊತ್ತು ಕೂತೆ.

"ಅದಕ್ಕೆ ಬೂಷ್ಟು ಬಂದ್ರೂ ಅಳ್ತೀರಿ, ಹಿಟ್ಟು ಒಳಗೆ ಹೋದ್ರೂ ಅಳ್ತೀರಿ. ಮಂಡಿನೋವು ಬಂದು ನಾನು ಗೋಡೆ ಹಿಡ್ಕೊಂಡು ನಡೀತಿದ್ದಾಗ ಏನಂದ್ರಿ?"

ನಾನು ಲೆನ್ಸಿನ ಮೇಲಿನ ಹಿಟ್ಟು ಊದತೊಡಗಿದೆ.

"ಬೆಳಕು ಚೆನ್ನಾಗೈತೆ, ಅಲ್ಲೇ ನಿಂತ್ಕೋ ಅಂದ್ರಿ!"

ಶ್ರದ್ಧಾಂಜಲಿ

ತಾಯಲೂರಿನಲ್ಲಿ ನನಗೊಬ್ಬ ಗೆಳೆಯನಿದ್ದ, ಹಿಪ್ಪುನೇರಳೆ ಬೆಳೆಯೋನು. ನನ್ನ ಕ್ಯಾಮೆರಾ ಕಂಡು ಮುಖ ತಿರುಗಿಸದಿದ್ದವನು ಅವನೊಬ್ಬನೇ. "ತೆಗಿಯೋ ಲೇ, ನಿನ್ನ ಚಟ ತೀರಲಿ" ಅಂತ ಸೊಪ್ಪಿನ ಹೊರೆ ಹೊತ್ತೇ ನಿಂತುಬಿಡೋನು. ಈ ವರ್ಷ ಹೋಗಿಬಿಟ್ಟ.

"ಅಣ್ಣಾ, ವೈಕುಂಠ ಸಮಾರಾಧನೆಗೆ ಫ್ಲೆಕ್ಸ್ ಹಾಕಿಸ್ತೀವಿ. ಅಪ್ಪನ ಒಳ್ಳೇ ಫೋಟೋ ಕೊಡಿ," ಅಂದ ಅವನ ಮಗ.

ನೆಗೆಟಿವ್‌ಗಳನ್ನೆಲ್ಲ ಬೆಳಕಿಗೆ ಹಿಡಿದು, ಕಣ್ಣೊರೆಸಿಕೊಳ್ತಾ ಹುಡುಕಿದೆ. ಅವನು ಬಾಯ್ತುಂಬ ನಕ್ಕಿದ್ದು ಒಂದರಲ್ಲೇ. ಕ್ಯಾಮೆರಾಗೆ ಟೈಮರ್ ಕೊಟ್ಟು, ಕೆರೆ ಕಟ್ಟೆ ಮೇಲೆ ಇಬ್ಬರೂ ನಿಂತು ತೆಗೆದದ್ದು. ಸ್ಟುಡಿಯೋದವನಿಗೆ ನೆಗೆಟಿವ್ ಕೊಟ್ಟು, ಸ್ಕ್ಯಾನ್ ಮಾಡಿ ಸೀದಾ ಫ್ಲೆಕ್ಸ್ ಅಂಗಡಿಗೆ ಕಳಿಸು ಅಂದೆ. ಅಂಗಡಿಯವನಿಗೆ ಫೋನಲ್ಲಿ ಹೇಳಿದೆ: "ಎಡಗಡೆ ಇರೋನೇ ತೀರಿಕೊಂಡಿರೋದು. ಬಲಗಡೆಯವನನ್ನ ಕತ್ತರಿಸಿ ಬಿಸಾಕು."

ಸ್ಟುಡಿಯೋದವನು ನೆಗೆಟಿವನ್ನು ಮಗುಚಿ ಇಟ್ಟಿದ್ದ. ಎಡ ಬಲವಾಗಿತ್ತು.

ತಾಯಲೂರಲ್ಲಿ ಬಸ್ಸಿಳಿದು ತಲೆಯೆತ್ತಿದೆ. ಮಲ್ಲಿಗೆ ಹಾರದ ಮಧ್ಯೆ ನಾನು! ಮೇಲೆ 'ಭಾವಪೂರ್ಣ ಶ್ರದ್ಧಾಂಜಲಿ', ಕೆಳಗೆ ಅವನ ಹೆಸರು. ಟೀ ಅಂಗಡಿಯಾಕೆ ನನ್ನನ್ನು ನೋಡಿ ಲೋಟ ಕೈಬಿಟ್ಟಳು.

ಮಗ ಓಡಿಬಂದ. "ಬೇಜಾರ್ ಮಾಡ್ಕೋಬೇಡಿ ಅಣ್ಣಾ, ಕಟ್ಟಿದ ಮೇಲೇ ನೋಡಿದ್ದು. ಬೇರೆ ಬರೋವರೆಗೂ ಇರಲಿ, ಹೆಸರಂತೂ ಸರಿಯಾಗೈತಲ್ಲ."

ಅಷ್ಟು ಚೆನ್ನಾಗಿ ನಕ್ಕಿದ್ದವನು ಫ್ಲೆಕ್ಸ್ ಅಂಗಡಿಯ ಕಸದಲ್ಲಿ ಬಿದ್ದಿರಬೇಕು ಅನ್ನಿಸಿತು. ಪಕ್ಕದಲ್ಲಿ ಯಾರೋ ಹಿರಿಯರು ಕಣ್ಣು ಕಿರಿದು ಮಾಡಿಕೊಂಡು ಫ್ಲೆಕ್ಸನ್ನೇ ನೋಡ್ತಿದ್ದರು.

"ಫೋಟೋ ಮಾತ್ರ ಬಲು ಸೊಗಸಾಗಿ ಬಂದೈತೆ ಸಾರ್. ಯಾರು ತೆಗೆದಿದ್ದು?"

ಇಷ್ಟು ವರ್ಷಗಳಲ್ಲಿ ಒಬ್ಬರೂ ಕೇಳಿರದ ಪ್ರಶ್ನೆ. ನಾನು ಕೈಯೆತ್ತಿ ಮೇಲಕ್ಕೆ ತೋರಿಸಿದೆ.

"ಅಲ್ಲಿ ಸತ್ತಿದ್ದಾನಲ್ಲ, ಅವನೇ."