ನಲವತ್ತನೆಯ ಲೀಟರ್

ಪೆಟ್ರೋಲಿನ ಬೆಲೆ ಮತ್ತೊಮ್ಮೆ ಏರಿದ ಬೆಳಿಗ್ಗೆ, ತೂಕ ಮತ್ತು ಅಳತೆ ಇಲಾಖೆಯ ನಿವೃತ್ತ ಇನ್ಸ್‌ಪೆಕ್ಟರ್ ಸಾಹೇಬರು ಪತ್ರಿಕೆಯನ್ನು ಮಡಿಸಿ ಮೇಜಿಗೆ ಬಡಿದರು. ಪಿಂಚಣಿ ಆಮೆಯಂತೆ ತೆವಳುವಾಗ ಬೆಲೆ ಮೊಲದಂತೆ ನೆಗೆಯುವುದು ಯಾವ ನ್ಯಾಯ? (ಕೊನೆಗೆ ಆಮೆಯೇ ಗೆಲ್ಲುತ್ತದೆಂದು ಯಾರೂ ಸಮಾಧಾನ ಹೇಳಬೇಕಾಗಿಲ್ಲ. ಆ ಮೊಲ ನಿದ್ದೆ ಮಾಡಿತ್ತು. ಈ ಮೊಲಕ್ಕೆ ನಿದ್ದೆಯೇ ಇಲ್ಲ.)

ಆದ್ದರಿಂದಲೇ ಬ್ಯಾಂಕಿನ ಪೆಟ್ರೋಲ್ ಕಾರ್ಡು ಅವರ ಪಾಲಿಗೆ ವರಪ್ರಸಾದದಂತೆ ಬಂದಿತು.

"ಲೀಟರಿಗೆ ಹತ್ತು ಅಂಕ. ಅಂಕಕ್ಕೆ ತಕ್ಕ ಬಹುಮಾನ," ಎಂದು ಹೆಂಡತಿಗೆ ವಿವರಿಸಿದರು.

"ಶಾಲೆ ಬಿಟ್ಟು ಇಷ್ಟು ವರ್ಷ ಆದ್ಮೇಲೆ ಈಗ ಅಂಕ ತಗೊಳ್ಳೋಕೆ ಹೊರಟ್ರಾ?"

"ಅಪಹಾಸ್ಯ ಬೇಡ. ಈ ತಿಂಗಳು ಬಹುಮಾನ ಬರದಿದ್ರೆ ಕಾರಿನ ಕೀಲಿಕೈ ನಿನ್ನದು!"

ಇದು ಸಾಮಾನ್ಯ ಪಣವಲ್ಲ. ಆಕೆಗೆ ಲೈಸೆನ್ಸ್ ಇದ್ದರೂ ಆ ಕೀಲಿಕೈ ಸಾಹೇಬರ ಜೇಬು ಬಿಟ್ಟು ಕದಲಿದ್ದಿಲ್ಲ. 'ನೀನು ಆಕ್ಸಿಲರೇಟರನ್ನು ಹಾವು ತುಳಿದಂತೆ ತುಳಿಯುತ್ತೀಯೆ. ಲೀಟರಿಗೆ ಹತ್ತು ಕಿಲೋಮೀಟರೂ ಬರುವುದಿಲ್ಲ' ಎಂಬುದು ಅವರ ಅಂತಿಮ ತೀರ್ಪು. ಅವರು ಓಡಿಸಿದರೆ ಇಪ್ಪತ್ತೆರಡು. ಇಳಿಜಾರು ಕಂಡರೆ ಗೇರು ತಪ್ಪಿಸುವರು, ಸಿಗ್ನಲ್ ಕಂಡರೆ ಎಂಜಿನ್ ಆರಿಸುವರು, ನಾದಿನಿಯ ಮನೆ ಎಂದರೆ ಕಾರನ್ನೇ ತೆಗೆಯರು.

ಅರ್ಧ ತಿಂಗಳು ಕಳೆದ ಮೇಲೆ, ಭೂತಗನ್ನಡಿ ಹಿಡಿದು ಷರತ್ತುಗಳನ್ನು ಮತ್ತೊಮ್ಮೆ ಪರಿಶೀಲಿಸುವಾಗ, ಇರುವೆಯ ಕಾಲಿನಷ್ಟು ಸಣ್ಣ ಅಕ್ಷರದ ಒಂದು ಸಾಲು ಸಿಕ್ಕಿತು: ತಿಂಗಳಿಗೆ ಕನಿಷ್ಠ ನಲವತ್ತು ಲೀಟರ್ ಹಾಕಿಸದಿದ್ದರೆ ಅಂಕಗಳೆಲ್ಲ ರದ್ದು. ಅವರು ಅದುವರೆಗೆ ಹಾಕಿಸಿದ್ದು ಆರು.

"ಮಿತವ್ಯಯಕ್ಕೆ ದಂಡ! ಇದೆಂಥ ಅನ್ಯಾಯ!" ಎಂದು ಗುಡುಗಿದರು. ಆದರೆ ಪಣ ಪಣವೇ. ಆ ಸಂಜೆ ಮನೆಯಲ್ಲಿ ಎಂದೂ ಕೇಳದ ಮಾತೊಂದು ಕೇಳಿಬಂತು.

"ನಿನ್ನ ತಂಗೀನ ನೋಡಿ ಬಹಳ ದಿನ ಆಯ್ತಲ್ಲವೇ?"

ಹೆಂಡತಿ ಅವರ ಹಣೆ ಮುಟ್ಟಿ ನೋಡಿದಳು. "ಜ್ವರ ಇಲ್ವಲ್ಲ!"

ಅಂದಿನಿಂದ ನಿತ್ಯವೂ ದಿಗ್ವಿಜಯ. ತಂಗಿಯ ಮನೆ, ಕೆರೆಯ ದಂಡೆ, ಊರಾಚೆಯ ನರ್ಸರಿ. ಒಂದು ಪೊರಕೆ ತರಲು ಪಕ್ಕದ ಊರಿಗೂ ಹೋಗಿಬಂದರು. ಮಾಸಾಂತ್ಯದ ಸಂಜೆ ಕಾರ್ಡು ನಡೆಯುವ ಬಂಕಿನಲ್ಲಿ ಕಾರು ನಿಂತಾಗ ತಿಂಗಳ ಒಟ್ಟು ಮೂವತ್ತೊಂಬತ್ತನೆಯ ಲೀಟರಿಗೆ ಸರಿಯಾಗಿ ಪೈಪು ಟಕ್ಕೆಂದಿತು.

"ಟ್ಯಾಂಕ್ ಫುಲ್ ಸಾರ್," ಎಂದಳು ಬಂಕಿನಾಕೆ.

"ಇನ್ನೊಂದೇ ಒಂದು ಲೀಟರ್ ಹಾಕಮ್ಮ."

"ಎಲ್ಲಿಗೆ ಹಾಕ್ಲಿ? ನಿಮ್ಮ ಜೇಬಿಗಾ? ಆರು ಗಂಟೆಗೆ ಇವತ್ತಿನ ಕಾರ್ಡ್ ಲೆಕ್ಕ ಮುಗಿಯುತ್ತೆ, ನೋಡ್ಕೊಳ್ಳಿ."

ಉಳಿದದ್ದು ಅರ್ಧ ಗಂಟೆ. ನಲವತ್ತರ ವೇಗವನ್ನು ಎಂದೂ ಮೀರದ ಸಾಹೇಬರು ಅರ್ಧ ಗಂಟೆಯಲ್ಲಿ ಇಪ್ಪತ್ತು ಕಿಲೋಮೀಟರ್ ಹೋಗಬಲ್ಲರು. ಒಂದು ಲೀಟರ್ ಖರ್ಚಾಗಲು ಇಪ್ಪತ್ತೆರಡು ಬೇಕು. ಲೆಕ್ಕ ಸರಿಯಾಗಿತ್ತು. ಸರಿಯಾಗಿದ್ದುದೇ ಸಂಕಟ.

ಪಕ್ಕದ ಸೀಟಿನಿಂದ ಹೆಂಡತಿ ಅಂಗೈ ಚಾಚಿದಳು. "ಕೊಡಿ ಇಲ್ಲಿ. ನಾನಾದ್ರೆ ಹತ್ತು ಕಿಲೋಮೀಟರಿಗೇ ಮುಗಿಸ್ತೀನಲ್ಲ. ನೀವೇ ಹೇಳಿದ್ದು."

ಪಣ ಉಳಿಸಿಕೊಳ್ಳಲು ಸಾಹೇಬರು ಕೀಲಿಕೈಯನ್ನೇ ಕೊಟ್ಟರು. ಕಾರು ಬಾಣದಂತೆ ಹೋಯಿತು. ಬಂಕಿನ ಗಡಿಯಾರದ ಕೆಳಗೆ ಅವರು ಬಿಸಿ ಕಾವಲಿಯ ಮೇಲೆ ನಿಂತವರಂತೆ ಕಾಲು ಬದಲಿಸುತ್ತಿದ್ದರು. ಆರಕ್ಕೆ ಐದು ನಿಮಿಷವಿದೆ ಎನ್ನುವಾಗ ಕಾರು ಕಿರ್ರೆಂದು ಬಂದು ನಿಂತಿತು. ಮುಂದಿನ ಸೀಟಿನಲ್ಲಿ ತಂಗಿಯೂ ಇದ್ದಳು!

ನಲವತ್ತನೆಯ ಲೀಟರ್ ಒಳಗಿಳಿಯಿತು. ನಾನೂರು ಅಂಕ! ಸಾಹೇಬರು ಎದೆಯುಬ್ಬಿಸಿ ಬಂಕಿನಲ್ಲೇ ಇದ್ದ ಬಹುಮಾನದ ಕಿಟಕಿಗೆ ನಡೆದರು.

"ಸಾವಿರ ಅಂಕಕ್ಕಿಂತ ಕಡಿಮೆ ಇದ್ರೆ ಹಣ ಬರಲ್ಲ ಸಾರ್. ನಾನೂರಕ್ಕೆ ಇದೊಂದೇ," ಎಂದು ಒಳಗಿನವನು ಪುಟ್ಟ ಪೊಟ್ಟಣವೊಂದನ್ನು ತಳ್ಳಿದ.

ಒಳಗಿದ್ದುದು ಕೀಚೈನು.

"ಗೆದ್ರಿ ಕಣ್ರೀ! ಬಹುಮಾನ ಬಂತಲ್ಲ," ಎಂದು ಹೆಂಡತಿ ಮನಸಾರೆ ಹೊಗಳಿ, ಕಾರಿನ ಕೀಲಿಕೈಯನ್ನು ಅದಕ್ಕೆ ಸಿಕ್ಕಿಸಿದಳು. ಸಾಹೇಬರು ಕೈಚಾಚಿದರು.

"ಇರ್ಲಿ ಬಿಡಿ. ಮುಂದಿನ ತಿಂಗಳೂ ನಲವತ್ತು ಲೀಟರ್ ಆಗ್ಬೇಕಲ್ಲ? ನಿಮ್ಮ ಕೈಲಿ ಆಗುತ್ತಾ?"

ಆಗದೆಂಬುದನ್ನು ಸಾಹೇಬರು ಲೆಕ್ಕಹಾಕಿ ಸಾಬೀತುಪಡಿಸಿ ಅರ್ಧ ಗಂಟೆಯೂ ಆಗಿರಲಿಲ್ಲ.

"ಭಾವಾ, ಬಾಗಿಲು ಸರಿಯಾಗಿ ಹಾಕ್ಕೊಳ್ಳಿ," ಎಂದಳು ನಾದಿನಿ ಮುಂದಿನಿಂದ. ಕಾರು ನೆಗೆಯಿತು. ಸಾಹೇಬರು ಕತ್ತು ಚಾಚಿ, ಎಡಕ್ಕೊಮ್ಮೆ ಬಲಕ್ಕೊಮ್ಮೆ ಬಾಗಿ ನೋಡಿದರು. ಹಿಂದಿನ ಸೀಟಿನಿಂದ ಪೆಟ್ರೋಲಿನ ಮುಳ್ಳು ಕಾಣುವುದಿಲ್ಲವೆಂಬ ಸಂಗತಿ ಅವರಿಗೆ ತಿಳಿದದ್ದು ಅಂದೇ.