ರಾಮಯ್ಯನವರ ಮನೆಯಲ್ಲಿ ಒಂದು ನಿಮಿಷ

ಅವತ್ತಿನ ಅನಾಹುತಕ್ಕೆಲ್ಲ ಮೂಲ ಒಂದು ಹಳೆಯ ಫ್ರಿಜ್ಜು. ಜೋಗುಪಾಳ್ಯದ ಓಣಿಯೊಂದರಲ್ಲಿ, ನಿವೃತ್ತ ಹವಾಲ್ದಾರ್ ರಾಮಯ್ಯನವರ ನಡುಮನೆಯ ಮೂಲೆಯಲ್ಲಿ ಅದು ಹತ್ತೊಂಬತ್ತು ವರ್ಷದಿಂದ ಗುಂಯ್ ಎನ್ನುತ್ತಿತ್ತು. ಮನೆಯವರಿಗೆ ಆ ಸದ್ದು ಕೇಳಿಸುವುದು ಎಂದೋ ನಿಂತಿತ್ತು. ಹೆಡ್‌ಫೋನ್ ಹಾಕಿಕೊಂಡಿದ್ದ ಮುನೀಂದ್ರನಿಗೆ ಮಾತ್ರ ಪಕ್ಕದಲ್ಲೇ ಲಾರಿ ನಿಂತಂತೆ ಕೇಳುತ್ತಿತ್ತು.

"ಅಕ್ಕಾ, ಫ್ರಿಜ್ ಆಫ್ ಮಾಡಿದ್ರೆ ಏನಾದ್ರೂ ಕೆಡುತ್ತಾ?" ಎಂದು ರಾಮಯ್ಯನವರ ಸೊಸೆ ಆದಿಲಕ್ಷ್ಮಿಯನ್ನು ಕೇಳಿದ.

"ದೋಸೆ ಹಿಟ್ಟಿದೆ. ಹುಳಿ ಬರುತ್ತೆ, ಅಷ್ಟೇ. ಮಾಡ್ಕೊಳಪ್ಪ," ಎಂದಳು ಅವಳು.

ಮುನೀಂದ್ರ ಯುದ್ಧಗಳ ಚರಿತ್ರೆಯನ್ನು ಸಾಕ್ಷ್ಯಚಿತ್ರ ಮಾಡುವವನು. ಹದಿನೆಂಟು ವರ್ಷದಲ್ಲಿ ಆರು ಚಿತ್ರ ಮಾಡಿದ್ದ. ಅವನ ಬೆನ್ನಿಗೆ ಸಂಸ್ಥೆಯಿರಲಿಲ್ಲ, ಅವನ ಚಿತ್ರಗಳ ಮುಂದೆ ಪ್ರೇಕ್ಷಕರೂ ಅಷ್ಟಕ್ಕಷ್ಟೇ. ಕ್ಯಾಮೆರಾ ಹಿಡಿಯುವವನೂ, ಮೈಕು ಸಿಕ್ಕಿಸುವವನೂ, ಪೆಟ್ಟಿಗೆ ಹೊರುವವನೂ ಅವನೇ. ಜನಕ್ಕೆ ಗುಂಡಿನ ಸದ್ದು ಬೇಕು. ಇವನೋ, ಗುಂಡಿನ ಸದ್ದು ಅಡಗಿದ ಮೇಲೆ ಮನೆಗೆ ಬಂದವರ ಮಾತು ಕೇಳಿಸಲು ಹೋಗುತ್ತಿದ್ದ. ಹೀಗಿದ್ದರೆ ಯಾರು ಉದ್ಧಾರವಾದಾರು!

ಏಳನೆಯ ಚಿತ್ರಕ್ಕೆ ನಾಲ್ಕು ವರ್ಷ ಸವೆಸಿದ್ದ. ಎಪ್ಪತ್ತೊಂದರ ಯುದ್ಧದಲ್ಲಿ ನೆಲದಡಿ ಹೂತಿಟ್ಟ ಬಾಂಬುಗಳನ್ನು ಹುಡುಕಿ ತೆಗೆದವರ ಕತೆ ಅದು. ಆ ತುಕಡಿಯಲ್ಲಿ ಉಳಿದಿದ್ದವರು ರಾಮಯ್ಯನವರೊಬ್ಬರೇ. ಸುರಪುರದ ಕಡೆಯ ಜೊತೆಗಾರ ಶರಣಬಸವ ಹೇಗೆ ಸತ್ತ ಎಂಬುದನ್ನು ಅವರು ಇದುವರೆಗೆ ಯಾರ ಮುಂದೆಯೂ ಬಾಯಿಬಿಟ್ಟಿರಲಿಲ್ಲ. ಹದಿನಾಲ್ಕು ತಿಂಗಳು ಮುನೀಂದ್ರ ಅವರ ಮನೆಗೆ ಅಲೆದ. ಔಷಧಿ ತಂದುಕೊಟ್ಟ, ಪಿಂಚಣಿ ಕಚೇರಿಗೆ ಕರೆದುಕೊಂಡು ಹೋದ, ಒಂದು ಮಾತೂ ಕೇಳದೆ ಜೊತೆಗೆ ಕೂತು ಟಿ.ವಿ. ನೋಡಿದ. ಕೊನೆಗೆ ಹೋದ ವಾರ ಅವರೇ, "ಆಯ್ತು, ಬಾ. ಆದ್ರೆ ಒಂದೇ ಸಲ ಹೇಳೋದು. ಎರಡನೇ ಸಲ ಕೇಳ್ಬಾರ್ದು" ಎಂದಿದ್ದರು.

ಹಾಗಾಗಿ ಮುನೀಂದ್ರ ಬೆಳಗ್ಗೆಯೇ ಬಂದು ಮನೆಯನ್ನು ಬುಡಮೇಲು ಮಾಡಿದ್ದ. ಜಾಗ ಸಾಲದೆಂದು ಸೋಫಾವನ್ನು ಓಣಿಗೆ ಸಾಗಿಸಿದ. ಗೋಡೆಯ ಬಣ್ಣ ಕಣ್ಣಿಗೆ ಹೊಡೆಯುತ್ತದೆಂದು ಬಿಳಿ ಬೆಡ್‌ಶೀಟ್ ಕಟ್ಟಿದ. ರಾಮಯ್ಯನವರ ಕೊರಳಿಗೆ ಸಣ್ಣ ಮೈಕು ಸಿಕ್ಕಿಸಿ, ತಲೆಯ ಹಿಂದೆ ಒಂದು ದೀಪ ಇಟ್ಟ. ಮಾತಾಡುವವರ ಕಣ್ಣು ಅತ್ತ ಹೋಗದಿರಲೆಂದು ಕ್ಯಾಮೆರಾದ ಕೆಂಪು ಚುಕ್ಕಿಗೆ ಕಪ್ಪು ಟೇಪ್ ಅಂಟಿಸಿದ. ಫ್ಯಾನು, ಟಿ.ವಿ., ಫ್ರಿಜ್ಜು ಮೂರನ್ನೂ ಬಂದ್ ಮಾಡಿದ.

"ಇನ್ನು ಒಂದು ನಿಮಿಷ ಯಾರೂ ಮಾತಾಡ್ಬೇಡಿ. ಖಾಲಿ ಕೋಣೆಗೂ ಒಂದು ಸದ್ದಿರುತ್ತೆ. ಮಾತಿನ ಮಧ್ಯೆ ಎಲ್ಲಾದ್ರೂ ಕತ್ತರಿಸಿದ್ರೆ ಅಲ್ಲಿ ತುಂಬೋಕೆ ಬೇಕು," ಎಂದು ಕ್ಯಾಮೆರಾದ ಬಟನ್ ಒತ್ತಿದ.

ಕೈ ಎಲ್ಲಿಡಬೇಕೆಂದು ತಿಳಿಯದೆ ಆದಿಲಕ್ಷ್ಮಿ ಕೈಕಟ್ಟಿ ನಿಂತಳು. ಮುನೀಂದ್ರ ಹೆಡ್‌ಫೋನ್ ಇಳಿಸಿ, ತಲೆ ತಗ್ಗಿಸಿ ಬರಿಗಿವಿಯಲ್ಲಿ ಆಲಿಸಿದ. ನಡುವೆ ರಾಮಯ್ಯನವರ ತುಟಿ ಅಲುಗಿತು. ಮುನೀಂದ್ರ ಅಭ್ಯಾಸಬಲದಿಂದ ಬೆರಳೆತ್ತಿ "ಶ್ಶ್!" ಎಂದ. ಹಳೆಯ ಸಿಪಾಯಿ, ಆಜ್ಞೆ ಮೀರುವವರಲ್ಲ. ಬಾಯಿ ಮುಚ್ಚಿ, ಕಣ್ಣನ್ನೂ ಮುಚ್ಚಿ ಕುರ್ಚಿಗೆ ತಲೆ ಒರಗಿಸಿದರು.

ಪಕ್ಕದ ಮನೆಯ ಹೂವಿನ ಚಿಕ್ಕಮುನಿಯಮ್ಮ ಕಿಟಕಿಯಲ್ಲಿ ಇಣುಕಿದ್ದು ಆಗಲೇ. ದಿನವಿಡೀ ಒದರುವ ಟಿ.ವಿ. ಯಾಕೆ ನಿಂತಿತು ಎಂದು ನೋಡಲು ಬಂದಿದ್ದಳು. ಓಣಿಯಲ್ಲಿ ಸೋಫಾ, ಒಳಗೆ ಬಿಳಿ ಬಟ್ಟೆ, ತಲೆಯ ಬಳಿ ದೀಪ, ಕೈಕಟ್ಟಿ ನಿಂತ ಸೊಸೆ, ಪದಕದ ಕೋಟು ತೊಟ್ಟು ಕಣ್ಮುಚ್ಚಿದ ಮುದುಕರು. ಅವಳಿಗೆ ಇನ್ನೇನು ಬೇಕಿತ್ತು!

"ಹೋಗ್ಬಿಟ್ರು ಕಣ್ರೋ!" ಎಂದು ಎದೆ ಬಡಿದುಕೊಳ್ಳುತ್ತ ಓಣಿಯತ್ತ ಓಡಿದಳು.

ಹತ್ತೇ ನಿಮಿಷದಲ್ಲಿ ಸುದ್ದಿ ಹಲಸೂರು ದಾಟಿತ್ತು. ಓಣಿಯ ವಾಟ್ಸಾಪ್ ಗುಂಪಿನಲ್ಲಿ ರಾಮಯ್ಯನವರ ಫೋಟೊ ಬಂದು, ಅದರ ಕೆಳಗೆ ಕೈಮುಗಿದ ಚಿತ್ರಗಳ ಸಾಲು ಬೆಳೆಯಿತು. ಕೆ.ಆರ್. ಪುರದಿಂದ ಅವರ ತಂಗಿ ಅಳುತ್ತ ಆಟೋ ಹತ್ತಿದರು. ಒಳಗೆ ರಾಮಯ್ಯನವರಿಗೆ ಜೋಂಪು ಹತ್ತಿತ್ತು. ಮುನೀಂದ್ರ ಹೊರಗಿನ ಗದ್ದಲ ಅಡಗಲೆಂದು ಕಾದು ಕಾದು, ಕೊನೆಗೆ ರೇಗಿಕೊಂಡು ಬಾಗಿಲು ತೆಗೆದ. ನಲವತ್ತು ಜನ ಚಪ್ಪಲಿ ಬಿಟ್ಟು ಒಳಗೆ ಬಂದರು.

ಮುಂದಾಳು ಅಂಬಣ್ಣ. ಸುರಪುರದ ಕಡೆಯಿಂದ ಬಂದು ಎದುರಿನ ಬಾಡಿಗೆ ಕೋಣೆಯಲ್ಲಿದ್ದ ಪೇಂಟರು. ಕೈಯಲ್ಲಿ ಆಳುದ್ದದ ಸುಗಂಧರಾಜ ಹಾರ, ಹಿಂದೆ ಹೆಣ ಇಡುವ ಐಸ್ ಬಾಕ್ಸ್ ಹೊತ್ತ ಇಬ್ಬರು.

"ಇಂಥಾ ಮನಷ್ಯಾ ಇನ್ನೊಬ್ಬ ಸಿಗಾಂಗಿಲ್ರಿ," ಎಂದು ಮೂಗು ಒರೆಸಿಕೊಳ್ಳುತ್ತ ಅಂಬಣ್ಣ ನೇರ ಹೋಗಿ ಹಾರವನ್ನು ಕೊರಳಿಗೆ ಹಾಕಿಯೇಬಿಟ್ಟ. ಐಸ್ ಬಾಕ್ಸಿನವರು ಫ್ರಿಜ್ಜಿನ ಪ್ಲಗ್ ಕಿತ್ತು ತಮ್ಮದನ್ನು ಸಿಕ್ಕಿಸಿದರು. ಅದು ಫ್ರಿಜ್ಜಿಗಿಂತ ಜೋರಾಗಿ ಗುಂಯ್ ಎಂದಿತು.

"ಏನಯ್ಯಾ ಇದು, ಕತ್ತೆಲ್ಲಾ ತಣ್ಣಗಾಯ್ತು," ಎಂದು ರಾಮಯ್ಯನವರು ಕಣ್ಣು ಬಿಟ್ಟರು.

ಚಿಕ್ಕಮುನಿಯಮ್ಮ ಕುಸಿದು ಕೂತಳು. ಅಂಬಣ್ಣ ಎರಡು ಹೆಜ್ಜೆ ಹಿಂದೆ ಹಾರಿ ಐಸ್ ಬಾಕ್ಸಿನ ಮೇಲೆಯೇ ಕೂತ. ಆದಿಲಕ್ಷ್ಮಿ ನಗಬೇಕೋ ಅಳಬೇಕೋ ತಿಳಿಯದೆ ಎರಡನ್ನೂ ಮಾಡಿದಳು. ಮಹಡಿಯ ಮೇಲಿನ ಟೈಲರ್ ಜಹನಾರಾ ದೊಡ್ಡ ಫ್ಲಾಸ್ಕ್ ಹಿಡಿದು ಬಾಗಿಲಲ್ಲೇ ನಿಂತಿದ್ದಳು.

"ಈ ಮನೇಲಿ ಇವತ್ತು ಒಲೆ ಹಚ್ಚಲ್ಲ ಅಂತ ಚಾಯ್ ಮಾಡ್ಕೊಂಡ್ ಬಂದೆ. ಈಗ ಏನ್ ಮಾಡೋದು?" ಎಂದಳು.

"ಮಾಡೋದೇನು, ಎಲ್ರಿಗೂ ಕೊಡಮ್ಮ," ಎಂದರು ರಾಮಯ್ಯನವರು.

"ದಯವಿಟ್ಟು ಎಲ್ಲ ಹೊರಗೆ ಹೋಗಿ!" ಎಂದು ಮುನೀಂದ್ರ ಅಂಗಲಾಚಿದ. "ನಾಲ್ಕು ವರ್ಷದ ಕೆಲಸ ಇದು. ಇರಲೇಬೇಕು ಅಂದ್ರೆ ಫೋನ್ ಆಫ್ ಮಾಡಿ. ಒಂದೂ ಆನ್ ಇರಬಾರ್ದು, ಮೈಕಲ್ಲಿ ಕಿರಕಿರ ಬರುತ್ತೆ."

ಅವನ ಮುಖ ನೋಡಿ ಜನಕ್ಕೆ ಪಾಪ ಎನಿಸಿತು. ನಲವತ್ತು ಫೋನುಗಳೂ ಆಫ್ ಆದವು. ಹೋಗುವವರು ಮಾತ್ರ ಯಾರೂ ಇರಲಿಲ್ಲ. ಚಹಾ ಹಿಡಿದು, ಸತ್ತರೆಂದು ತಾವು ಎಷ್ಟು ಅತ್ತೆವೆಂದು ಒಬ್ಬೊಬ್ಬರೇ ರಾಮಯ್ಯನವರಿಗೆ ವರದಿ ಒಪ್ಪಿಸಿದರು. ಅಂಬಣ್ಣನಂತೂ, "ದೇಶಕ್ಕಾಗಿ ಜೀವಾ ಒತ್ತಿ ಇಟ್ಟ ದೊಡ್ಡ ಜೀವ ನೀವು. ಈ ಹಾರ ನಿಮಗ ಸಣ್ಣದಾತ್ರಿ," ಎಂದ.

ರಾಮಯ್ಯನವರ ಮುಖ ಕಪ್ಪಿಟ್ಟಿತು. ಹಾರವನ್ನು ಮೆಲ್ಲನೆ ತೆಗೆದು ತೊಡೆಯ ಮೇಲೆ ಇಟ್ಟುಕೊಂಡರು.

"ಈ ಹಾರ ನಂದಲ್ಲ ಕಣಪ್ಪ," ಎಂದರು. "ನಿಮ್ಮ ಕಡೆಯವನದು."

ಮುನೀಂದ್ರನಿಗೆ ಆ ದನಿ ಗೊತ್ತಾಯಿತು. ಬಚ್ಚಿಟ್ಟದ್ದನ್ನು ಹೇಳಲು ಹೊರಟವರಲ್ಲಿ, ಹದಿನೆಂಟು ವರ್ಷದಲ್ಲಿ ನಾಲ್ಕೈದು ಬಾರಿ ಕೇಳಿದ ದನಿ ಅದು. ನುಗ್ಗಿ ಐಸ್ ಬಾಕ್ಸಿನ ಪ್ಲಗ್ ಕಿತ್ತ, ಇನ್ನೊಂದು ಕೈಯಲ್ಲಿ ಕ್ಯಾಮೆರಾದ ಬಟನ್ ಒತ್ತಿದ, ನೆಲಕ್ಕೆ ಕುಳಿತು ಅವರ ಮುಖವನ್ನೇ ನೋಡಿದ.

"ಅವತ್ತು ಮುಂದೆ ಹೋಗೋ ಸರದಿ ನಂದಿತ್ತು," ಎಂದರು ರಾಮಯ್ಯನವರು. "ಬಾಂಬ್ ಹುಡುಕೋಕೆ ನೆಲಕ್ಕೆ ಕಡ್ಡಿ ಚುಚ್ಕೊಂಡು, ಹೊಟ್ಟೆ ಮೇಲೆ ತೆವಳ್ಕೊಂಡು ಹೋಗ್ಬೇಕು. ಹಿಂದಿನ ದಿನ ಇಬ್ಬರು ಹೋಗಿದ್ರು, ಬರಲಿಲ್ಲ. ನಂಗೆ ಹೆದರಿಕೆ ಆಯ್ತು. ಹೊಟ್ಟೆನೋವು ಅಂತ ಸುಳ್ಳು ಹೇಳ್ದೆ. ಶರಣಬಸವ ನನ್ನ ಮುಖ ನೋಡ್ದ. ಸುಳ್ಳು ಅಂತ ಅವನಿಗೆ ಗೊತ್ತಾಯ್ತು. ಗೊತ್ತಾಗಿಯೂ, 'ಮಲಕ್ಕೋ, ನಾ ಹೋಗ್ತೀನಿ' ಅಂದ. ಬಾಂಬ್ ಸಿಡೀತು. ಆಮೇಲೆ ನಾನು ಹೋಗಿ ಅವನ ಹೆಣ ಹೊತ್ಕೊಂಡು ಬಂದೆ. ಈ ಪದಕ ಕೊಟ್ಟಿದ್ದು ಅದಕ್ಕೆ. ಅವನೂರಿಗೆ ಹೋಗಿ ಅವನ ತಾಯಿ ಮುಂದೆ ಕೂತೆ. ಊಟ ಬಡಿಸಿದ್ಳು ಆಯಮ್ಮ. ಉಂಡೆ. ಸರದಿ ನಂದು ಅಂತ ಹೇಳೋಕೆ ಆಗ್ಲಿಲ್ಲ."

ಅಷ್ಟು ಜನರಿದ್ದ ಆ ಮನೆಯಲ್ಲಿ ಎಲ್ಲರೂ ಅತ್ತರು, ಈ ಸಲ ನಿಜವಾಗಿ. ರಾಮಯ್ಯನವರು ಹಾರವನ್ನು ಅಂಬಣ್ಣನ ಕೈಗಿಟ್ಟರು.

"ಅವನೂರಲ್ಲಿ ಶಾಲೆ ಮುಂದೆ ಅವನ ಹೆಸರಿನ ಒಂದು ಕಲ್ಲಿದೆ. ಹಾಕ್ತೀಯಾ?"

"ನಾ ಹೋಗೂದು ನಾಗರ ಪಂಚಮಿಗ್ರೀ. ಹೂ ಬಾಡ್ತಾವು," ಎಂದ ಅಂಬಣ್ಣ.

"ಬಾಡಿದ್ರೂ ಪರವಾಗಿಲ್ಲ."

ಸಂಜೆಯ ಹೊತ್ತಿಗೆ ಐಸ್ ಬಾಕ್ಸ್ ಹೋಯಿತು. ತಂಗಿ ಬಂದು, ಬದುಕಿದ್ದಕ್ಕೆ ಅಣ್ಣನಿಗೆ ಬೈದು, ಹುಳಿ ಬಂದ ಹಿಟ್ಟಿನ ದೋಸೆ ತಿಂದರು. ಮುನೀಂದ್ರ ಓಣಿಯ ಸೋಫಾದ ಮೇಲೆ ಕೂತು ಕ್ಯಾಮೆರಾ ತೆರೆದ. ಎದೆ ತುಂಬಿತ್ತು. ಇಂಥ ಮಾತು ಅವನ ಆರು ಚಿತ್ರಗಳಲ್ಲಿ ಒಂದರಲ್ಲೂ ಇರಲಿಲ್ಲ.

ಇದ್ದದ್ದು ಒಂದೇ ತುಣುಕು. ಐವತ್ತೆರಡು ನಿಮಿಷದ್ದು. ಅದು ಖಾಲಿ ಕೋಣೆಯ ಸದ್ದಿನಿಂದ ಶುರುವಾಗಿ, ಹಾರ, ಐಸ್ ಬಾಕ್ಸ್, ಚಹಾ ಎಲ್ಲವನ್ನೂ ಹಿಡಿದು, "ನಿಮ್ಮ ಕಡೆಯವನದು" ಎಂಬಲ್ಲಿಗೆ ಮುಗಿದಿತ್ತು. ಗದ್ದಲದಲ್ಲಿ ಅವನು ರೆಕಾರ್ಡಿಂಗ್ ನಿಲ್ಲಿಸಿರಲೇ ಇಲ್ಲ. ಶುರು ಮಾಡಲೆಂದು ಎರಡನೇ ಸಲ ಒತ್ತಿದ ಬಟನ್ನೇ ನಿಲ್ಲಿಸಿತ್ತು. ನೋಡಿ ತಿಳಿಯೋಣವೆಂದರೆ ಕೆಂಪು ಚುಕ್ಕಿಯ ಮೇಲೆ ಅವನೇ ಅಂಟಿಸಿದ ಟೇಪು.

ಒಳಗೆ ಓಡಿದ. ರಾಮಯ್ಯನವರು ಹಗುರವಾಗಿ ನಕ್ಕರು.

"ಒಂದೇ ಸಲ ಅಂದಿದ್ನಲ್ಲಪ್ಪ. ಐವತ್ತು ವರ್ಷ ಹೊತ್ತು ಇವತ್ತು ಇಳಿಸಿದೀನಿ. ಮತ್ತೆ ಹೊರಿಸ್ಬೇಡ."

ಮುನೀಂದ್ರ ಹೊರಗೆ ಬಂದು ಅಂಬಣ್ಣನ ಕೈ ಹಿಡಿದ. "ಯಾರಾದ್ರೂ ಫೋನಲ್ಲಿ ತೆಗೆದ್ರೇನಣ್ಣ? ಈ ಓಣೀಲಿ ನಾಯಿ ಸೀನಿದ್ರೂ ವೀಡಿಯೊ ಮಾಡ್ತೀರಲ್ಲ!"

"ನೀವಽ ಹೇಳಿದ್ರೆಲ್ರೀ ಸರ, ಎಲ್ಲಾರೂ ಫೋನ್ ಬಂದ್ ಮಾಡ್ರಿ ಅಂತ," ಎಂದ ಅಂಬಣ್ಣ.

ಮುನೀಂದ್ರ ಸೋಫಾಕ್ಕೆ ಮರಳಿ, ಮಾಡಲು ಬೇರೇನೂ ತೋಚದೆ, ಹೆಡ್‌ಫೋನ್ ಹಾಕಿಕೊಂಡು ಆ ಮೊದಲ ನಿಮಿಷವನ್ನು ಕೇಳಿದ. ಕೋಣೆಯ ಸದ್ದು ಚೆನ್ನಾಗಿ ಬಂದಿತ್ತು. ಮುದುಕರ ಉಸಿರು, ಎಲ್ಲೋ ಒಂದು ಕಾಗೆ. ಮೂವತ್ತನೆಯ ಸೆಕೆಂಡಿನಲ್ಲಿ ಕೊರಳ ಮೈಕಿಗೆ ಮಾತ್ರ ಕೇಳುವಷ್ಟು ಸಣ್ಣಗೆ, ತಮಗೆ ತಾವೇ ಎಂಬಂತೆ, ರಾಮಯ್ಯನವರು ಶುರುಮಾಡಿದ್ದರು.

"ಮುನೀಂದ್ರಪ್ಪ, ಅವತ್ತು ಸರದಿ..."

ಅದರ ಮೇಲೆ, ಸ್ಪಷ್ಟವಾಗಿ, ಅವನದೇ ದನಿ: "ಶ್ಶ್!"